ಮಂಗಳೂರಿಗೆ ಹೊರಟ ಹಡಗು

“ಇದು ನಮ್ಮ ನಿಜಾಮ ಸೀಮಿ ಹಾಲಿ ರೊಕ್ಕ, ಇಲ್ಲಿ ನಡೆಯಂಗಿಲ್ರಿ ಕಾಕಾ,” ಎಂದಳು ಪಣಜಿಯ ಧಕ್ಕೆಯಲ್ಲಿ ಎಳನೀರು ಕೆತ್ತುತ್ತಿದ್ದವಳು. ಹಾಲಿ, ಇಂಗ್ರೇಜರ ಕಲ್ದಾರ, ಗೋವೆಯ ನಾಣ್ಯ ಕಲೆಯಬಾರದೆಂದು ಮೂರು ಚೀಲ ಹೊಲಿಸಿಕೊಂಡಿದ್ದ ನಾನು, ಹಡಗು ಬಿಟ್ಟುಹೋದೀತೆಂಬ ಗಾಬರಿಯಲ್ಲಿ ತಪ್ಪು ಚೀಲಕ್ಕೆ ಕೈ ಹಾಕಿದ್ದೆ.

“ಲಗೂ ಮಾಡವ್ವಾ, ಮಂಗಳೂರಿಗೆ ಹೋಗೋ ಹಡಗದು.”

ಅವಳ ಕತ್ತಿ ನಿಂತಿತು. “ಯಲಬುರ್ಗಿ ಬಾಜೂಕಿನ ಮಂಗಳೂರೇನ್ರಿ? ಅದು ನನ್ನ ತವರುಮನಿ.”

ನಾನು ಹೊರಟಿದ್ದು ಕಡಲತಡಿಯ ಮಂಗಳೂರಿಗೆ; ಬಯಲುಸೀಮೆಯ ಆ ಹಳ್ಳಿಗೆ ಹಡಗು ಹೋಗಬೇಕಾದರೆ ಮೊದಲು ನೀರು ಬೇಕು ಎಂದೆ. ಇಬ್ಬರೂ ನಕ್ಕೆವು. “ನಮ್ಮವ್ವಗ ನಾ ಆರಾಮ ಅದೀನಿ ಅಂತ ಹೇಳ್ರಿ,” ಎಂದು ತಾಯಿಯ ಹೆಸರು ಹೇಳಿದಳು. ಕತ್ತಿ ಹಿಡಿದ ಕೈ ಕಡ್ಡಿಯಂತಿತ್ತು.

ಊರಿಗೆ ಮರಳಿದ ಮೇಲೆ ಆ ತಾಯಿಯನ್ನು ಹುಡುಕಿಕೊಂಡು ಹೋಗಿ ಹೇಳಿದೆ. “ಬಡಕಾಗ್ಯಾಳೇನ್ರಿ?” ಎಂದು ಕೇಳಿದರು. “ಇಲ್ಲ ಬಿಡ್ರಿ, ಮೈಕೈ ತುಂಬ್ಕೊಂಡಾಳ,” ಎಂದೆ. ಎಲ್ಲದಕ್ಕೂ ಹೆದರುವ ನಾನು ನಿಶ್ಚಿಂತೆಯಿಂದ ಹೇಳಿದ ಸುಳ್ಳು ಅದೊಂದೇ.