ಕರಿ ಹುಡುಗಿ ಮುಟ್ಟಿದ ಹಾಲು

ನಮ್ಮ ಪುಸ್ತಕದ ಅಂಗಡ್ಯಾಗ ಹೋದ ವರ್ಷ ನಾನೊಂದು ಕಾನೂನು ಮಾಡಿದೆ. ಗದ್ದಲ ಎಬ್ಬಿಸಿದ ಆ ಮಕ್ಕಳ ಕಥಿ ಪುಸ್ತಕ ಬೇಕಂದ್ರ, ಹಾಲಿನ ಕಥಿ ಇರೂ ಪುಟ ತಗದು, ನನ್ನ ಮುಂದ ನಿಂತು ಗಟ್ಟಿಯಾಗಿ ಓದಬೇಕು. ಓದಿದ್ರ ಪುಸ್ತಕ, ಇಲ್ಲಾಂದ್ರ ದಾರಿ ಹಿಡೀರಿ. ನಮ್ಮ ಮನಿಯವ್ರು, "ತಲಿ ಕೆಟ್ಟೈತೇನು ನಿಂದು? ಬಂದ ಗಿರಾಕಿನ್ನ ಹೊಳ್ಳಿ ಕಳಸ್ತಿ," ಅಂದ್ರು. ಕೆಟ್ಟೈತಿ, ಅಂದೆ.

ಹಳೇ ಪುಸ್ತಕ ಅದು, ನಾ ಸಣ್ಣಾಕಿ ಇದ್ದಾಗಿಂದೂ ಐತಿ. ಬೆಳಗಾವ್ಯಾಗಿನ ನಮ್ಮ ಅಂಗಡಿ ಮ್ಯಾಲಿನ ಕಪಾಟಿನ್ಯಾಗ ಯಾರೂ ಕೇಳಾವ್ರಿಲ್ದ ಧೂಳು ತಿನ್ಕೋತ ಬಿದ್ದಿತ್ತು. ಯಾರೋ ಒಬ್ಬಾಕಿ ತಾಯಿ ಮಗಳಿಗೆ ಓದಿ ಹೇಳಾಕ ಹೋಗಿ, ಆ ಪುಟ ನೋಡಿ ಸಿಟ್ಟಿಗೆದ್ದು, ಮೊಬೈಲ್‌ನ್ಯಾಗ ವಿಡಿಯೋ ಮಾಡಿ ಬಿಟ್ಳು. ತಗೋರಿ, ಶುರುವಾತು. ಪುಸ್ತಕ ಬಂದ್ ಮಾಡ್ರಿ ಅಂತ ಒಂದು ಗುಂಪು, ನಮ್ಮ ಬಾಲ್ಯಕ್ಕ ಕೈ ಹಚ್ಚಬ್ಯಾಡ್ರಿ ಅಂತ ಇನ್ನೊಂದು. ಎರಡೂ ಗುಂಪಿನವ್ರು ಅಂಗಡಿಗೆ ಬಂದ್ರು. ಸುಡಬೇಕಂದ್ರೂ ಮದಲ ಕೊಳ್ಳಬೇಕಲ್ಲ. ಕನ್ನಡ ಓದಾಕ ಬರಲಾರದ ಮರಾಠಿ ಹೆಣ್ಮಗಳೊಬ್ರು ಖಾನಾಪುರದಿಂದ ಬಸ್ ಹತ್ತಿ ಬಂದು, ಆ ಗದ್ದಲದ ಪುಸ್ತಕ ಕೊಡ್ರಿ ಅಂದ್ರು. ಪ್ರಕಾಶಕರು ಹೊಸದಾಗಿ ಅಚ್ಚು ಹಾಕಿಸಿ, "ಒಂದಕ್ಷರವೂ ಬದಲಾಗಿಲ್ಲ" ಅಂತ ಮುಖಪುಟಕ್ಕ ಕೆಂಪು ಪಟ್ಟಿ ಸುತ್ತಿ ಕಳಿಸಿದ್ರು. ನಾಚಿಕಿಗೇಡು ಮಂದಿ.

ಎಲ್ಲಾರ ಬಾಯಾಗೂ ಒಂದ ಮಾತು. "ಏನೈತ್ರೀ ಅದರಾಗ? ನಾವೂ ಓದಿ ದೊಡ್ಡಾವ್ರಾದ್ವಿ, ನಮಗೇನಾತು?"

ನಿಮಗೇನೂ ಆಗಿಲ್ಲ. ನನಗ ಆಗೇತಿ.

ನಾ ಕಲತದ್ದು ನಂದಗಡದ ಬಾಜೂಕಿನ ಹಳ್ಳಿ ಸಾಲ್ಯಾಗ. ಅಲ್ಲಿ ಪದ್ಧತಿ ಏನಂದ್ರ, ಒಬ್ಬರು ಒಂದು ಸಾಲು ಓದಿ ನಿಲ್ಲಬೇಕು, ಇಡೀ ವರ್ಗ ಅದನ್ನ ಒಂದ ದನಿಯೊಳಗ ತಿರುಗಿ ಹೇಳಬೇಕು. ಈ ಪುಸ್ತಕಾನೂ ಹಂಗ ಓದಸ್ತಿದ್ರು; ಹಾಲಿನ ಕಥಿ ಬಂದ ದಿನ ಅಕ್ಕೋರು, ಅಂದ್ರ ನಮಗ ಕಲಿಸಾವ್ರು, ನನ್ನ ಎಬ್ಬಿಸಿ ನಿಲ್ಲಿಸಿದ್ರು. ವರ್ಗದಾಗ ಎಲ್ಲಾರಕಿಂತ ಕರಿ ನಾನ. "ಕರಿ ಹುಡುಗಿ ಮುಟ್ಟಿದ ಹಾಲು ಕಪ್ಪಾಯಿತು," ಅಂತ ಓದಿದೆ. ಎಲ್ಲಾರೂ ನನ್ನ ಕಡೆ ಹೊಳ್ಳಿ ಹೇಳಿದ್ರು. "ಅವಳನ್ನು ಕಂಡು ಕಾಗೆಯೂ ನಕ್ಕಿತು." ಅದನ್ನೂ ಹೇಳಿದ್ರು. ಅವತ್ತಿಂದ ಊಟಕ್ಕ ಕುಂತಾಗ ನನ್ನ ಬಾಜೂಕಿನ ಹುಡುಗ್ಯಾರು ತಮ್ಮ ಮಜ್ಜಿಗಿ ಡಬ್ಬಿ ದೂರ ಸರಿಸಿ ಇಟಗೊಂಡ್ರು. ಮನ್ಯಾಗ ಎಮ್ಮಿ ಹಿಂಡಾಕಿ ನಾನ. ಸಾಲಿಗೆ ಬರೂ ಮುಂದ ಅಕ್ಕೋರ ಮನಿಗೆ ಹಾಲು ಒಯ್ದು ಕೊಡಾಕಿನೂ ನಾನ. ಎಮ್ಮಿ ಕರಿ, ಹಾಲು ಬೆಳ್ಳಗ. ಇಷ್ಟೂ ತಿಳೀಲಾರದ ಮನಷ್ಯಾ ಪುಸ್ತಕ ಬರದಾನ.

ಬಂದ್ ಮಾಡ್ರಿ ಅಂತ ನಾ ಹೇಳಂಗಿಲ್ಲ. ಏನೈತಿ ಅನ್ನಾವ್ರು ನನ್ನ ಮಾರಿ ನೋಡಿ ಅದನ್ನ ಓದ್ಲಿ, ಏನೈತಿ ಅನ್ನೂದು ಅವರ ಬಾಯಿಗೇ ತಿಳೀಲಿ. ನನಗ ಬೇಕಾಗಿದ್ದು ಇಷ್ಟ. ಆದ್ರ ಆಗಿದ್ದೇನು? ಆ ಅಂಗಡ್ಯಾಕಿ ಓದಸ್ತಾಳ ಅನ್ನೂ ಸುದ್ದಿ ಹಬ್ಬಿ ಮಂದಿ ಇನ್ನೂ ಹೆಚ್ಚಾದ್ರು. ನಕ್ಕೋತ ಓದಿ, ಫೋಟೋ ತಕ್ಕೊಂಡು, ಪುಸ್ತಕ ಬಗಲಾಗ ಹಿಡಕೊಂಡು ಹೋದ್ರು. ನನ್ನ ಸಿಟ್ಟೂ ವ್ಯಾಪಾರಕ್ಕ ಕೂಡಿತು. ಆದ್ರೂ ಕಾನೂನು ಬಿಡಲಿಲ್ಲ.

ಒಂದಿನ ಮಧ್ಯಾಹ್ನ ವಯಸ್ಸಾದವ್ರೊಬ್ರು ಬಂದ್ರು. ಇಲ್ಲೇ ಮಹಾಂತೇಶ ನಗರದಾಗ ಮಗನ ಮನ್ಯಾಗ ಇರತೀನಿ, ನಾ ಸಾಲ್ಯಾಗ ಕಲಿಸಿದ ಪುಸ್ತಕ ಅದು, ಮೊಮ್ಮಗಳಿಗೆ ಬೇಕು, ಅಂದ್ರು. ದನಿ ಕೇಳಿದ ಕೂಡಲೇ ಗುರುತು ಹತ್ತಿತು. ಅಕ್ಕೋರು. ಅವರಿಗೆ ನನ್ನ ಗುರುತು ಹತ್ತಲಿಲ್ಲ. ಕುರ್ಚಿ ಕೊಟ್ಟು, ಪುಟ ತಗದು, "ಓದ್ರಿ," ಅಂದೆ.

ಚಾಳೀಸು ಮೂಗಿನ ಮ್ಯಾಲ ಏರಿಸಿ ಓದಿದ್ರು. "ಕರಿ ಹುಡುಗಿ ಮುಟ್ಟಿದ ಹಾಲು ಕಪ್ಪಾಯಿತು." ಓದಿ ನಿಲ್ಲಿಸಿದ್ರು. ಹಳೇ ರೂಢಿ. ತಲಿ ಎತ್ತಿ, ಎಲ್ಲಾರೂ ತಿರುಗಿ ಹೇಳ್ಲಿ ಅಂತ ಕಾದ್ರು. ಅಂಗಡ್ಯಾಗ ನಿಂತಾವ್ರು ಒಬ್ಬರೂ ಹೇಳಲಿಲ್ಲ. ನನ್ನ ನಾಲಿಗಿ ಮಾತ್ರ ತಾನ ಎದ್ದಿತು. ಹಲ್ಲು ಕಚ್ಚಿ ಹಿಡದೆ.

"ಅಕ್ಕೋರ, ದಿನಾ ಮುಂಜಾನಿ ನಿಮ್ಮ ಚಹಾಕ್ಕ ಹಾಲು ತರತಿದ್ದಾಕಿ ನಾನರೀ. ಎಂದಾರ ಕಪ್ಪಾಗಿತ್ತೇನ್ರಿ?"

ಅಕ್ಕೋರು ಚಾಳೀಸು ತಗದು ನನ್ನ ಮಾರಿ ನೋಡಿದ್ರು. ಪುಸ್ತಕ ತೊಡಿ ಮ್ಯಾಲ ಇಟ್ಟು, "ಇಲ್ಲವ್ವಾ," ಅಂದ್ರು, ಸಣ್ಣ ದನಿಯೊಳಗ.

"ಹಂಗಾರ ಅದನ್ನೂ ಗಟ್ಟಿಯಾಗಿ ಹೇಳ್ರಿ," ಅಂದೆ.