ಆ ಮಧ್ಯಾಹ್ನ ಮೌಸ್ ಹಿಡಿದವರು ಯಾರು?

ದೆವ್ವ, ಗಾಳಿ, ಸೂಚನೆ ಅಂತ ಯಾರಾದರೂ ಬಾಯಿ ತೆರೆದರೆ ಅವರನ್ನು ಪೂರ್ತಿ ಹೇಳಲು ಬಿಟ್ಟವಳೇ ಅಲ್ಲ ನಾನು. ಊರ ಹೊರಗಿನ ಬಾತಿ ಕೆರೆ ದಾಟುವಾಗ ಸ್ಕೂಟರಿನ ಹಿಂದೆ ಯಾರೋ ಕೂತಷ್ಟು ಭಾರವಾಯಿತು ಎಂದು ಪಕ್ಕದ ಮನೆಯವರು ಹೇಳಿದಾಗ, "ಹಿಂದಿನ ಟೈರಾಗೆ ಗಾಳಿ ಇತ್ತೇನ್ರೀ?" ಎಂದು ಕೇಳಿ ಅವರ ಮುಖ ಸಪ್ಪೆ ಮಾಡಿದ್ದೆ. ಹಾಗಾಗಿ ಈಗ ನನ್ನ ಮಾತು ಕೇಳಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಗುತ್ತಿದ್ದೆ.

ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ನಮ್ಮ ಮನೆ. ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಡಿಟಿಪಿ ಮಾಡುತ್ತೇನೆ. ಮದುವೆ, ಗೃಹಪ್ರವೇಶದ ಕಾರ್ಡುಗಳನ್ನು ಟೈಪ್ ಮಾಡಿ, ಕರಡು ತಿದ್ದಿ ಪ್ರೆಸ್ಸಿಗೆ ಕೊಡುವುದು ನನ್ನ ಕೆಲಸ. ಗಿರಾಕಿಗಳು ಮ್ಯಾಟರನ್ನು ಮೇಲ್‌ನಲ್ಲಿ ಕಳಿಸುತ್ತಾರೆ. ಮೂರು ವರ್ಷದ ಹಿಂದಿನ ಬೇಸಿಗೆಯಲ್ಲಿ ಲಾಟರಿ ಹೊಡೆದಿದೆ, ಬೊಜ್ಜು ಕರಗುತ್ತದೆ ಎನ್ನುವ ಮೇಲ್‌ಗಳ ಕಾಟ ವಿಪರೀತವಾಯಿತು. ಸಿಟ್ಟಿಗೆದ್ದು ನಾನೇ ಕಸದ ಮೇಲ್ ಸೋಸುವ ಸ್ಪ್ಯಾಮ್ ಫಿಲ್ಟರನ್ನು ಆದಷ್ಟೂ ಬಿಗಿ ಮಾಡಿದೆ. ಮುಂದೆ ಕಸದ ಜೊತೆ ಕಾಳೂ ಹೋಗತೊಡಗಿತು. ಮಗಳ ಮದುವೆ ಕಾರ್ಡಿನ ತಿದ್ದುಪಡಿಯನ್ನು ಮೂರು ಸಲ ಕಳಿಸಿದ ಗಿರಾಕಿಯೊಬ್ಬರು ಫೋನಿನಲ್ಲಿ ನನಗೆ ಚೆನ್ನಾಗಿಯೇ ಪೂಜೆ ಮಾಡಿದರು. ಫಿಲ್ಟರ್ ತಡೆದದ್ದೆಲ್ಲ ಬೀಳುವ ಸ್ಪ್ಯಾಮ್ ಫೋಲ್ಡರ್ ತೆರೆದು ನೋಡಬಹುದಿತ್ತಲ್ಲ ಎನ್ನುತ್ತೀರಿ. ಅದನ್ನು ಒತ್ತಿದರೆ ಸಾಕು, ಪರದೆ ಕಲ್ಲಿನಂತೆ ನಿಂತುಬಿಡುತ್ತಿತ್ತು. ಕಂಪ್ಯೂಟರ್ ಆಫ್ ಮಾಡಿ ಮತ್ತೆ ಆನ್ ಮಾಡಿದರೂ ಅದೇ ಹಾಡು.

ಅದೇ ವಾರ ನಮ್ಮ ಅತ್ತೆ ಕುಕ್ಕುವಾಡದಿಂದ ಬಂದಿದ್ದರು. ಕಾಲಿನಲ್ಲಿ ಬಲವೇ ಇಲ್ಲ, ಎದ್ದು ನಿಂತರೆ ಕುಸಿದಂತಾಗುತ್ತದೆ ಎನ್ನುತ್ತಿದ್ದರು. ಬಿ.ಪಿ. ಮಾತ್ರೆ ನುಂಗುವವರು. ಡಾಕ್ಟರು ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ಲ್ಯಾಬಿನವರು ರಿಪೋರ್ಟ್ ಮೇಲ್‌ಗೆ ಬರುತ್ತದೆ, ಏನಾದರೂ ಹೆಚ್ಚುಕಮ್ಮಿ ಇದ್ದರೆ ಫೋನ್ ಮಾಡುತ್ತೇವೆ ಎಂದರು. ಎರಡು ದಿನ ಕಳೆದರೂ ಮೇಲ್ ಇಲ್ಲ, ಫೋನೂ ಇಲ್ಲ. ಫೋನಿಲ್ಲ ಎಂದ ಮೇಲೆ ಎಲ್ಲ ಸರಿಯಿದೆ ಅಂತ ನನ್ನ ಲೆಕ್ಕ. ಲ್ಯಾಬಿಗೆ ಕೊಟ್ಟ ಚೀಟಿಯಲ್ಲಿ ನನ್ನದೇ ಫೋನ್ ನಂಬರಿನ ಒಂದು ಅಂಕಿ ತಪ್ಪು ಬರೆದಿದ್ದೆ ಎಂದು ಗೊತ್ತಾಗಿದ್ದು ಆಮೇಲೆ. ಊರವರ ಕರಡೆಲ್ಲ ತಿದ್ದುವವಳು ನಾನು!

ಮೈದುನ ಊರಿನಿಂದ ಒಂದು ಚೀಲ ಎಳನೀರು ಕಳಿಸಿದ್ದ. ಬಿಸಿಲಿಗೆ ಸುಸ್ತಾಗಿದೆ ಎಂದು ಅತ್ತೆಗೆ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಕೊಡುತ್ತಿದ್ದೆ. ಕಾಲು ಇನ್ನೂ ಭಾರವಾಯಿತು ಎಂದಾಗ ಸಂಜೆಗೂ ಒಂದು ಸೇರಿಸಿದೆ. ಅವರು ಬೇಡ ಎಂದರೂ ನಾನು ಬಿಡುತ್ತಿರಲಿಲ್ಲ.

ಆ ದಿನ ಮಧ್ಯಾಹ್ನ ಊಟವಾದ ಮೇಲೆ ಎಳನೀರು ಕೊಚ್ಚಿ ಲೋಟಕ್ಕೆ ಬಗ್ಗಿಸಿ ಅತ್ತೆಯ ಮಂಚದ ಪಕ್ಕ ಇಟ್ಟು, ಹರಿಹರದ ತಿಪ್ಪೇಶಣ್ಣನಿಗೆ ಫೋನ್ ಮಾಡಿದೆ. ಹರಿಹರದಲ್ಲಿ ಅವರದು ಕಂಪ್ಯೂಟರ್ ರಿಪೇರಿ ಅಂಗಡಿ. ಸಣ್ಣಪುಟ್ಟ ತೊಂದರೆಗೆ ದಾವಣಗೆರೆಯ ತನಕ ಬರುವುದಿಲ್ಲ. ನಮ್ಮ ಕಂಪ್ಯೂಟರನ್ನು ಅಲ್ಲಿಂದಲೇ ನಡೆಸುವ ಒಂದು ಪ್ರೋಗ್ರಾಂ ಹಾಕಿಕೊಟ್ಟಿದ್ದಾರೆ. ಅದನ್ನು ತೆರೆದರೆ ಒಂಬತ್ತು ಅಂಕಿಯ ನಂಬರೂ, ಪ್ರತಿ ಸಲ ಬದಲಾಗುವ ಒಂದು ಪಾಸ್‌ವರ್ಡೂ ಬರುತ್ತವೆ. ಎರಡನ್ನೂ ಹೇಳಿದರೆ ಮಾತ್ರ ಅವರು ಒಳಗೆ ಬರಬಹುದು.

"ಮೌಸ್ ಮುಟ್ಟಬ್ಯಾಡ್ರಿ ಅಕ್ಕಾ, ಸುಮ್ನೆ ನೋಡ್ತಾ ಕೂಡ್ರಿ. ನಂಬರ್ ಹೇಳ್ರಿ," ಎಂದರು. ನಾನು ಒಂದೊಂದೇ ಅಂಕಿ ಓದಿದೆ. ಪಾಸ್‌ವರ್ಡ್ ಓದುವಷ್ಟರಲ್ಲಿ ಆ ಕಡೆ ಸದ್ದಿಲ್ಲ. ಫೋನ್ ಕಟ್ಟಾಗಿತ್ತು. ಕೇಳಿಸಿಕೊಂಡಿರಬೇಕು ಎಂದುಕೊಂಡು ಕಾದೆ.

ಐದು ನಿಮಿಷವಾಗಿರಬಹುದು. ಪರದೆಯ ಮೇಲೆ ಮೌಸಿನ ಬಾಣ ಅಲುಗಿತು. ನೆಟ್ಟಗೆ ಮೇಲ್‌ಗೆ ಹೋಯಿತು. ಫಿಲ್ಟರಿನ ಸೆಟ್ಟಿಂಗ್ ತೆರೆಯಬಹುದು ಅಂತ ನಾನು ಕಾಯುತ್ತಿದ್ದರೆ, ಅದು ಸ್ಪ್ಯಾಮ್ ಫೋಲ್ಡರನ್ನೇ ಒತ್ತಿತು. ನನ್ನ ಕೈಗೆ ಒಂದು ವಾರದಿಂದ ತೆರೆಯದ ಫೋಲ್ಡರ್ ತಟ್ಟನೆ ತೆರೆಯಿತು. ಭಲೇ ತಿಪ್ಪೇಶಣ್ಣ ಎಂದುಕೊಂಡೆ. ಪಟ್ಟಿ ನಿಧಾನವಾಗಿ ಕೆಳಗೆ ಸರಿಯತೊಡಗಿತು. ಗಿರಾಕಿಯ ಮೂರೂ ಮೇಲ್‌ಗಳು ಕಣ್ಣೆದುರೇ ಬಂದವು. "ಇಲ್ಲೇ, ಇಲ್ಲೇ ಐತೆ ನಿಲ್ಸ್ರಿ!" ಎಂದು ಕಟ್ಟಾದ ಫೋನ್ ಹಿಡಿದೇ ಕೂಗಿದೆ. ನಿಲ್ಲಲಿಲ್ಲ. ಇನ್ನೂ ಕೆಳಗೆ ಹೋಗಿ, ತಲೆಬರಹವೇ ಇಲ್ಲದ ಒಂದು ಮೇಲ್ ಮೇಲೆ ನಿಂತು, ಅದನ್ನು ತೆರೆಯಿತು.

ನನಗೆ ರೇಗಿತು. ಕೆಲಸಕ್ಕೆ ಕರೆದರೆ ಕಂಡವರ ಮೇಲ್ ಓದುವುದೇ? ಮೌಸ್ ಹಿಡಿದು ಬಾಣವನ್ನು ಪಕ್ಕಕ್ಕೆ ಎಳೆದೆ. ಅದು ವಾಪಸ್ ಅಲ್ಲಿಗೇ ಹೋಯಿತು. ಮತ್ತೆ ಎಳೆದೆ, ಮತ್ತೆ ಹೋಯಿತು. "ಕೈ ತೆಗಿ! ಮಾನ ಮರ್ಯಾದಿ ಇಲ್ವಾ? ಕೈ ತೆಗಿ!" ಎಂದು ಕಿರುಚಿದೆ. ತಿಪ್ಪೇಶಣ್ಣನನ್ನು ಏಕವಚನದಲ್ಲಿ ಬೈದದ್ದು ಅದೇ ಮೊದಲು. ಕೊನೆಗೆ ಯುಪಿಎಸ್ ಆಫ್ ಮಾಡೋಣ ಎಂದು ಬಗ್ಗಿ ಗುಂಡಿಯ ಮೇಲೆ ಬೆರಳಿಟ್ಟೆ. ಅಷ್ಟರಲ್ಲಿ ಪರದೆಯ ಮೇಲೆ ಅತ್ತೆಯ ಹೆಸರು ಕಂಡಿತು.

ಲ್ಯಾಬಿನ ರಿಪೋರ್ಟ್ ಅದು. ಪುಟ ದೊಡ್ಡದಾಯಿತು. ಪೊಟ್ಯಾಸಿಯಂ ಅತಿ ಹೆಚ್ಚು ಎಂಬ ಒಂದೇ ಸಾಲು ಪರದೆಯ ನಡುವೆ ಬಂದು ನಿಂತಿತು, ಕೆಂಪು ಅಕ್ಷರದಲ್ಲಿ. ಕೂಡಲೇ ವೈದ್ಯರನ್ನು ಕಾಣಬೇಕು ಎಂದು ಅದರ ಕೆಳಗೇ ಬರೆದಿತ್ತು. ಬಾಣ ಆ ಸಾಲಿನ ಕೆಳಗೆ ಕದಲದೆ ಇತ್ತು.

ಡಾಕ್ಟರಿಗೆ ಫೋನ್ ಮಾಡಿ ಆ ಸಾಲು ಓದಿದೆ. ಅವರು, "ಎಳನೀರು ಏನಾದ್ರೂ ಕೊಡ್ತಿದ್ದೀರೇನ್ರಿ?" ಎಂದು ಕೇಳಿದರು.

ಫೋನ್ ಅಲ್ಲೇ ಬಿಸಾಡಿ ಒಳಗೆ ಓಡಿದೆ. ಅತ್ತೆ ಎದ್ದು ಕೂತು ಲೋಟ ಬಾಯಿಗೆ ಇಡುತ್ತಿದ್ದರು. ಕಿತ್ತುಕೊಂಡ ರಭಸಕ್ಕೆ ಅವರ ಸೀರೆಯೆಲ್ಲ ನೆನೆಯಿತು. "ಏನಾತವ್ವಾ, ಯಾಕ ಹಿಂಗ ಮಾಡ್ತಿ?" ಎಂದು ಕಕ್ಕಾಬಿಕ್ಕಿಯಾದರು. ಹೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಆಟೋದಲ್ಲಿ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಅವರ ಕಣ್ಣು ಮುಚ್ಚಿಕೊಂಡು ಹೋಗುತ್ತಿದ್ದವು. ಎದೆಯ ಬಡಿತ ಆಗಲೇ ತಪ್ಪುತ್ತಿತ್ತಂತೆ. ಅವರ ಕಿಡ್ನಿ ದುರ್ಬಲವಾಗಿತ್ತು, ಪೊಟ್ಯಾಸಿಯಂ ಹೊರಗೆ ಹೋಗುತ್ತಿರಲಿಲ್ಲ, ನಾನು ಎಳನೀರಿನಲ್ಲಿ ದಿನಕ್ಕೆ ಮೂರು ಸಲ ಅದನ್ನೇ ತುಂಬುತ್ತಿದ್ದೆ. "ಆ ಲೋಟ ಕುಡಿದಿದ್ರೆ ಹೇಳಾಕ ಆಗ್ತಿರ್ಲಿಲ್ಲಮ್ಮ," ಎಂದರು ಡಾಕ್ಟರು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಗಟ್ಟಿಯಾಗಿ ಅತ್ತುಬಿಟ್ಟೆ. ಅತ್ತೆ ಉಳಿದರು.

ಮೂರನೆಯ ದಿನ ತಿಪ್ಪೇಶಣ್ಣನಿಗೆ ಫೋನ್ ಮಾಡಿದೆ. ನಾನು ಬಾಯಿ ಬಿಡುವ ಮೊದಲೇ ಅವರು, "ತಪ್ಪು ತಿಳ್ಕಾಬ್ಯಾಡ್ರಿ ಅಕ್ಕಾ. ಆವತ್ತು ನೀವು ನಂಬರ್ ಹೇಳ್ತಿದ್ದಂಗೆ ಕರೆಂಟ್ ಹೋತು, ಫೋನಾಗೂ ಚಾರ್ಜ್ ಇರ್ಲಿಲ್ಲ. ಸಂಜಿ ತನಕ ಬರ್ಲಿಲ್ಲ ನೋಡ್ರಿ. ಆರು ಅಂಕಿ ಬರ್ಕೊಂಡಿದ್ದೆ ಅಷ್ಟೆ," ಎಂದರು.

ಹುಡುಗಾಟ ಆಡುತ್ತಿದ್ದಾರೆ ಎಂದುಕೊಂಡೆ. ಆ ವಾರವೇ ಅವರು ಮನೆಗೆ ಬಂದು, ನನ್ನ ಕಂಪ್ಯೂಟರಿಗೆ ಹೊರಗಿನಿಂದ ಯಾರು ಯಾವಾಗ ಬಂದಿದ್ದರು ಎನ್ನುವ ಪಟ್ಟಿ ತೆರೆದು ತೋರಿಸಿದರು. ಆ ದಿನದ್ದು ಒಂದೂ ಇರಲಿಲ್ಲ. ಫಿಲ್ಟರ್ ಸಡಿಲ ಮಾಡಿ, ಚಹಾ ಕೂಡ ಕುಡಿಯದೆ ಹೊರಟುಹೋದರು.

ಯಾರೋ ಕಳ್ಳ ನುಗ್ಗಿರಬೇಕು ಎಂದರು ನನ್ನ ಯಜಮಾನರು. ಇರಬಹುದು. ಆದರೆ ಬ್ಯಾಂಕಿನ ಮೇಲ್‌ಗಳನ್ನೆಲ್ಲ ಬಿಟ್ಟು, ಮುದುಕಿಯೊಬ್ಬಳ ರಕ್ತದ ರಿಪೋರ್ಟ್ ತೆರೆದಿಟ್ಟು ಹೋಗುವ ಕಳ್ಳ ಎಂಥವನು? ಗಾಬರಿಯಲ್ಲಿ ನಾನೇ ತೆರೆದು ಮರೆತಿರಬಹುದೇ ಎಂದೂ ಯೋಚಿಸಿದ್ದೇನೆ. ಆದರೆ ರಿಪೋರ್ಟ್ ನೋಡುವ ತನಕ ನನಗೆ ಗಾಬರಿಯೇ ಇರಲಿಲ್ಲವಲ್ಲ.

ಅತ್ತೆಗೆ ಹೇಳಿದ್ದು ಬಹಳ ದಿನದ ಮೇಲೆ. ಅವರು ಆಶ್ಚರ್ಯಪಡಲಿಲ್ಲ. ಎಲ್ಲ ಕೇಳಿಸಿಕೊಂಡು, "ಬಂದೋರು ಯಾರಾನ ಆಗ್ಲಿ. ನೀನು ಅವ್ರಿಗೆ ಏನಂದಿ?" ಎಂದು ಕೇಳಿದರು.

ಏನೂ ಅನ್ನಲಿಲ್ಲ ಎಂದು ಸುಳ್ಳು ಹೇಳಿದೆ. ಇವತ್ತಿಗೂ ಅವರಿಗೆ ನಿಜ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ. ಕೈ ತೆಗಿ ಎಂದು ಎರಡು ಸಲ ಕಿರುಚಿದ್ದೆ. ತೆಗೆಯಲಿಲ್ಲ.