ತುಂಡು ಬೇಡ, ಎಸರು ಸಾಕು

"ಅಜ್ಜಿ, ನಿಂಗೆ ತುಂಡು ಹಾಕ್ಲಾ, ಎಸರು ಸಾಕಾ?"

ಬಾಡಿನ ಸಾರಿನ ಬಕೆಟ್ಟು ಹಿಡಿದು ನನ್ನ ಎಲೆಯ ಮುಂದೆ ನಿಂತು ಹೀಗೆ ಕೇಳಿದವಳು ಬೇರೆ ಯಾರೂ ಅಲ್ಲ, ನನ್ನ ಮೊಮ್ಮಗಳು ಸೆಲಿನ್. ಅವಳಿಗೆ ಒಂಬತ್ತು, ನನಗೆ ಅರವತ್ತಾರು. ಆ ಎಲೆಯ ಕೆಳಗೆ ಜಾಗವಿದ್ದಿದ್ದರೆ ತೂರಿಕೊಂಡು ಬಿಡುತ್ತಿದ್ದೆ!

ವಿಷಯ ಏನೆಂದರೆ, ತಪಸ್ಸು ಕಾಲದ ನಲವತ್ತು ದಿನ ನಮ್ಮ ಮನೆಯಲ್ಲಿ ಬಾಡು ಮುಟ್ಟುವುದಿಲ್ಲ. ವಿಭೂತಿ ಬುಧವಾರ ಚರ್ಚಿನಲ್ಲಿ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದರೆ ಮುಗಿಯಿತು, ಈಸ್ಟರ್‌ವರೆಗೆ ಸೊಪ್ಪು, ಕಾಳು. ಆದರೆ ಈ ಯುಗಾದಿ ಇದೆಯಲ್ಲ, ಹೆಚ್ಚುಕಮ್ಮಿ ಪ್ರತಿ ವರ್ಷ ಅದರ ನಡುವೆಯೇ ಬಂದು ಕೂರುತ್ತದೆ. ಮಾರನೇ ದಿನ ವರ್ಷತೊಡಕು. ಹಿರಿಯೂರಿನ ನಮ್ಮ ಬೀದಿಯಲ್ಲಿ ಅವತ್ತು ಬಾಡಿನ ಘಮ ಬಾರದ ಮನೆ ಯಾವುದು? (ಮಠದ ಕಡೆಯವರ ಎರಡು ಮನೆ ಬಿಟ್ಟರೆ ನಮ್ಮದೊಂದೇ.)

ಈ ಸಲ ಸೆಲಿನ್ ಮೊದಲ ಸಲ ವ್ರತ ಹಿಡಿದಿದ್ದಳು. ಚಿಕ್ಕ ಮಕ್ಕಳಿಗೆ ಕಡ್ಡಾಯವೇನಿಲ್ಲ. ಬಾಡೆಂದರೆ ಪ್ರಾಣ ಬಿಡುವ ಹುಡುಗಿ, ಮೂಳೆ ಚೀಪಿ ಚೀಪಿ ಬೆಳ್ಳಗೆ ಮಾಡುವವಳು. "ತಡೀತೀಯೇನೇ?" ಎಂದರೆ, "ಯೇಸಪ್ಪಂಗೆ ಮಾತು ಕೊಟ್ಟೀನಜ್ಜಿ" ಎಂದಿದ್ದಳು.

ವರ್ಷತೊಡಕಿನ ಬೆಳಗ್ಗೆಯೇ ಪಕ್ಕದ ಮನೆ ಕರಿಯಮ್ಮ ಬಂದಳು. ಕುರಿ ಸಾಕುವ ಮನೆ. ಮನೆಯ ಮರಿಯನ್ನೇ ಕೊಯ್ದಿದ್ದರು.

"ರೋಸಕ್ಕ, ಮಧ್ಯಾಹ್ನ ಎಲ್ರೂ ಬರ್ರಿ. ಒಲೆ ಹಚ್ಚಿದ್ರೆ ನೋಡು ಮತ್ತೆ!"

"ನಮ್ದು ಉಪಾಸ ಐತಲ್ಲೇ."

"ಇವತ್ತು ನಮ್ಮನೇಲಿ ಉಣ್ಣದಿದ್ರೆ ವರ್ಷ ಪೂರ್ತಿ ಉಣ್ಣಲ್ಲ ಅಂತ ತಿಳ್ಕಂತೀನಿ."

ಅವತ್ತು ಮಾಡಿದ್ದೇ ವರ್ಷವೆಲ್ಲ ನಡೆಯುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ನನ್ನ ಯಜಮಾನರು ತೀರಿಕೊಂಡಾಗ ಮೂರು ದಿನ ಅಡುಗೆ ಮಾಡಿ ತಂದವಳು ಈ ಕರಿಯಮ್ಮ. ಅವಳ ಮನಸ್ಸು ನೋಯಿಸುವುದಾ? ದೇವರಿಗೆ ಕೊಟ್ಟ ಮಾತು ಮುರಿಯುವುದಾ?

ನನ್ನ ಬುದ್ಧಿ ಒಂದು ದಾರಿ ಹುಡುಕಿತು. ತುಂಡು ತಿಂದರೆ ತಾನೇ ಮಾಂಸ ತಿಂದಂತೆ? ಎಸರು ಬರೀ ಖಾರದ ನೀರು! (ನಿಜ ಹೇಳಿಬಿಡುತ್ತೇನೆ, ಕರಿಯಮ್ಮನ ಮನಸ್ಸಿಗಿಂತ ನನ್ನ ನಾಲಿಗೆಯ ಚಿಂತೆಯೇ ಹೆಚ್ಚಾಗಿತ್ತು.) ಸೆಲಿನ್ ಎಲ್ಲೋ ಆಡಲು ಹೋಗಿದ್ದಾಳೆ ಎಂದುಕೊಂಡು, ಮೆಲ್ಲಗೆ ಹೋಗಿ ಪಂಕ್ತಿಯ ಕೊನೆಯಲ್ಲಿ ಕುಳಿತೆ.

ನೋಡಿದರೆ, ಬಡಿಸುತ್ತಿರುವವಳೇ ಅವಳು!

ನನಗಿಂತ ಮೊದಲೇ ಬಂದು, "ದೊಡ್ಡವ್ವ, ನಾನು ತಿನ್ನಂಗಿಲ್ಲ, ಬಡಿಸ್ತೀನಿ" ಎಂದು ಕರಿಯಮ್ಮನ ಕೈಯಿಂದ ಬಕೆಟ್ಟು ಇಸಿದುಕೊಂಡಿದ್ದಳಂತೆ. ಆಗಲೇ ಒಂದು ಪಂಕ್ತಿ ಎದ್ದಿತ್ತು. ಮೊಣಕೈವರೆಗೆ ಎಸರು ಮೆತ್ತಿತ್ತು, ಒಂದು ಬೆರಳೂ ನೆಕ್ಕಿರಲಿಲ್ಲ. ಆಸೆ ಇರಲಿಲ್ಲವಾ? ಪ್ರತಿ ಸೌಟಿಗೂ ಜೊಲ್ಲು ನುಂಗುತ್ತಿದ್ದಳು ಪಾಪ.

ಕರಿಯಮ್ಮ ಬಿಡುತ್ತಾಳಾ? "ಒಂದು ತುಂಡು ಬಾಯಿಗೆ ಹಾಕ್ಕಳೇ ಕೂಸೇ. ನಿಮ್ ಯೇಸಪ್ಪಂಗೆ ನಾನೇನು ಹೇಳಾಕೆ ಹೋಗಲ್ಲ."

"ನಂಗೇ ಗೊತ್ತಾಗ್ತೈತಲ್ಲ ದೊಡ್ಡವ್ವ!"

ಪಂಕ್ತಿಯೆಲ್ಲ ನಕ್ಕಿತು. ನಾನು ನಗಲಿಲ್ಲ. ಬಕೆಟ್ಟು ನನ್ನ ಎಲೆಯ ಹತ್ತಿರ ಬರುತ್ತಿತ್ತು. ಬಂತು. ಆ ಪ್ರಶ್ನೆಯೂ ಬಂತು. ಅದರಲ್ಲಿ ಗೇಲಿ ಇರಲಿಲ್ಲ. ಅಜ್ಜಿಗೆ ಹಸಿವಾಗಿದೆ ಎಂದೇ ಕೇಳಿದ್ದು.

"ಎರಡೂ ಬ್ಯಾಡ ಕಣವ್ವ. ಮುದ್ದೆಗೆ ಮಜ್ಜಿಗೆ ಐತೇನು ಕೇಳು."

ಕರಿಯಮ್ಮನೇ ಮಜ್ಜಿಗೆ ಚೊಂಬು ತಂದು ಪಕ್ಕದಲ್ಲಿ ಕುಳಿತಳು. ಮುಖ ಊದಿರಲಿಲ್ಲ. "ಉಂಡಂಗಾತು ಬಿಡಕ್ಕ. ನಿಮ್ ಈಸ್ಟರಿಗೆ ಈ ಕೂಸಿನ ಪಾಲಿನ ಬಾಡು ನಾನೇ ಮಾಡಿ ತರ್ತೀನಿ" ಎಂದಳು.

ಅವತ್ತಿನಿಂದ ನನಗೆ ಹಿಗ್ಗು ತಡೆಯಲಾಗುತ್ತಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರಿಗೂ ಹೇಳಿದೆ, ಈಗ ನಿಮಗೂ ಹೇಳುತ್ತಿದ್ದೇನೆ. ನಾಲಿಗೆಯ ರುಚಿ ಕೈ ತೊಳೆಯುವಷ್ಟರಲ್ಲಿ ಹೋಗುತ್ತದೆ. ಆ ಹುಡುಗಿ ಅವತ್ತು ಗಳಿಸಿಕೊಂಡದ್ದು ಅವಳು ಅಜ್ಜಿಯಾದ ಮೇಲೂ ಅವಳ ಜೊತೆಗಿರುತ್ತದೆ.

ಕೊಟ್ಟ ಮಾತಿನಿಂದ ನುಣುಚಿಕೊಳ್ಳಲು ನಮಗೆ ದೊಡ್ಡವರಿಗೆ ಸಿಗುವ ಸಂದುಗೊಂದಿ, ಮಕ್ಕಳ ಕಣ್ಣಿಗೆ ಯಾಕೆ ಕಾಣುವುದೇ ಇಲ್ಲ?